ಕರಿಯ ಮಲಗುವ ಜಾಗ

ಏಪ್ರಿಲ್ ತಿಂಗಳ ಬೆಳಿಗ್ಗೆ ಹತ್ತು ಗಂಟೆ ದಾಟಿತೆಂದರೆ ನಮ್ಮ ನಾಯಿ ಕರಿಯ ಬಚ್ಚಲ ಹಿಂದಿನ ಬಾಳೆಬುಡಕ್ಕೆ ಹೋಗುತ್ತಾನೆ. ಮುಂಗಾಲಲ್ಲಿ ನಾಲ್ಕು ಸಲ ಮಣ್ಣು ಕೆದರಿ, ಒಂದು ಸುತ್ತು ಸುತ್ತಿ, ಹೊಟ್ಟೆಯನ್ನು ಗುಂಡಿಗೆ ಒತ್ತಿ ಮಲಗುತ್ತಾನೆ. ನಡುಹಗಲಿಗೆ ಪಡಸಾಲೆಯ ಕಲ್ಲುಚಪ್ಪಡಿ. ಮೂರರ ಹೊತ್ತಿಗೆ ಕೊಟ್ಟಿಗೆಯ ಕಲ್ಲುಬಾನಿಯ ಮಗ್ಗುಲು. ಹೊತ್ತು ಇಳಿದ ಮೇಲೆ ಬೀದಿಯ ಹೊಂಗೆಮರದಡಿ. ಹತ್ತು ಬೇಸಿಗೆಗಳಿಂದ ನಾನು ಇವನ ಹಿಂದೆಯೇ ಈ ಜಾಗಗಳನ್ನು ಅಳೆಯುತ್ತಾ ಬಂದಿದ್ದೇನೆ. ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಇರುತ್ತದೆ. ನನ್ನದು, ನಾಯಿ ಬೆಕ್ಕುಗಳು ಎಲ್ಲಿ ಮಲಗುತ್ತವೆಂದು ನೋಡಿ ಅಲ್ಲಿಗೆ ಇನ್ನಷ್ಟು ತಂಪು ಒದಗಿಸುವುದು.

ನಮ್ಮ ಹುಲಿಕುಂಟೆ ಬಯಲುಸೀಮೆಯ ಊರು. ಶಿರಾ, ಮಧುಗಿರಿ, ಪಾವಗಡದ ಉದ್ದಕ್ಕೂ ಬಿಸಿಲು ಕಲ್ಲುಗುಡ್ಡಗಳ ಮೇಲೆ ಬಿದ್ದು, ರಾತ್ರಿ ಹತ್ತಾದರೂ ಆ ಕಾವು ಆರುವುದಿಲ್ಲ. ಹಿಂದೆ ಇಲ್ಲಿನವು ಮಾಳಿಗೆ ಮನೆಗಳು. ಮರದ ತೊಲೆ, ಅದರ ಮೇಲೆ ಸೊಪ್ಪುಸದೆ, ಅದರ ಮೇಲೆ ಕರಲು ಮಣ್ಣು. ಒಳಗೆ ಕಾಲಿಟ್ಟರೆ ಕಣ್ಣು ಕತ್ತಲೆ, ಮೈ ತಂಪು. ನಾವು ಮನೆಯ ಮುಂಭಾಗ ಕೆಡವಿ ತಾರಸಿ ಹಾಕಿಸಿದ ವರ್ಷ ನಮ್ಮ ಬೆಕ್ಕು ಸುಬ್ಬಿ ಹೊಸ ಕೋಣೆಯಲ್ಲಿ ಒಂದು ರಾತ್ರಿಯೂ ಮಲಗಲಿಲ್ಲ. ನಾನು ಎತ್ತಿಕೊಂಡು ಬಂದು ಬಿಟ್ಟಷ್ಟು ಸಲವೂ ಹಳೇ ಅಡುಗೆಮನೆಗೆ ಓಡಿತು. ಅಲ್ಲಿ ಮೂಲೆಯಲ್ಲಿ ಮರಳು ಹರವಿ ಅದರ ಮೇಲೆ ನೀರಿನ ಮಡಕೆ ಇಟ್ಟಿದ್ದೇವೆ. ಮಡಕೆ ಬೆವರಿ ಮರಳು ಸದಾ ಒದ್ದೆ. ಆ ಒದ್ದೆಗೆ ಬೆನ್ನು ತಾಗಿಸಿ ಮಲಗುವ ಸುಬ್ಬಿಯನ್ನು ನೋಡಿದ ಮೇಲೆಯೇ ನಾನು ತಾರಸಿಯ ಮೇಲೆ ತೆಂಗಿನ ಗರಿ ಹೊದಿಸಿದ್ದು. ಹಳೇ ಭಾಗವನ್ನು ಕೆಡವುವ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಮೆತ್ತೆಯಲ್ಲಿ ತುಸು ಬೆವರು, ಅಷ್ಟೇ. ಉಳಿದ ಕಾವನ್ನೆಲ್ಲ ನಾಲಿಗೆ ಚಾಚಿ ಏದುಸಿರಿನಲ್ಲಿ ಹೊರಹಾಕಬೇಕು. ಅದರ ಮೈ ಆರೋಗ್ಯದಲ್ಲಿದ್ದಾಗಲೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. 105 ದಾಟಿತೆಂದರೆ ಜೀವಕ್ಕೇ ಅಪಾಯ. ಅದಕ್ಕೇ ಬೇಸಿಗೆಯಲ್ಲಿ ಕರಿಯನ ತಿರುಗಾಟವೆಲ್ಲ ಬೆಳಕು ಹರಿಯುವ ಮುಂಚೆ. ಸಂಜೆ ಹೊರಡುವುದಾದರೆ ಮೊದಲು ಟಾರು ರಸ್ತೆಗೆ ನನ್ನ ಅಂಗೈ ಊರಿ ನೋಡುತ್ತೇನೆ. ನನಗೆ ತಾಳಲಾಗದ್ದು ಅವನ ಪಾದಕ್ಕೂ ಬೇಡ. ಚಪ್ಪಟೆ ಮೂತಿಯ ಪಗ್ ನಾಯಿಗಳನ್ನು ಈ ಸೀಮೆಗೆ ತರುವವರನ್ನು ಕಂಡರೆ ನನಗೆ ಸಂಕಟ. ಉಸಿರಾಡುವುದೇ ಕಷ್ಟವಾದ ಜೀವಕ್ಕೆ ಏದುಸಿರೊಂದೇ ದಾರಿ ಎನ್ನುವ ಬಿಸಿಲು ಇದು.

ಕರಿಯ ನಾಡುನಾಯಿ, ಕುರಿಹಟ್ಟಿಯಲ್ಲಿ ಹುಟ್ಟಿದವನು. ನೀಳ ಮೂತಿ, ಗಿಡ್ಡ ಕೂದಲು, ಸಣಕಲು ಹೊಟ್ಟೆ. ಮುಧೋಳದ ಬೇಟೆನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. ಹೊಲದಲ್ಲಿ ಮಂದೆ ತಂಗಿದ ರಾತ್ರಿಗಳಲ್ಲಿ ಕಣ್ಣು ಮುಚ್ಚದೆ ಕುರಿ ಕಾಯುವ ಈ ಹೆಸರಿಲ್ಲದ ತಳಿಗೂ ಅಂಥ ಮರ್ಯಾದೆ ಸಿಗಬೇಕೆಂದು ನನ್ನ ಆಸೆ.

ಒಮ್ಮೆ ಅವನನ್ನು ಕೊರಟಗೆರೆ ಕಡೆಯ ಅಕ್ಕನ ಊರಿಗೆ ಕರೆದೊಯ್ದಿದ್ದೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಆ ಊರ ಪಕ್ಕ ಹಾಯುತ್ತದೆ. ಹಾಯುತ್ತದೆ ಎಂದರೆ, ಬೇಸಿಗೆಯಲ್ಲಿ ಕಾಣುವುದು ಬರೀ ಮರಳು. ಕರಿಯ ಅತ್ತಿತ್ತ ಮೂಸಿ, ಒಂದು ತಿರುವಿನಲ್ಲಿ ನಿಂತು ತೋಡತೊಡಗಿದ. ಬಿಳಿ ಮರಳು ಕಂದಾಯಿತು. ಮೊಳದಾಳಕ್ಕೆ ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ತೇವ. ಅದರಲ್ಲಿ ಹೊಟ್ಟೆ ಇಟ್ಟು ಕಣ್ಣು ಮುಚ್ಚಿದ. ಕುರಿ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ಕೋಲೂರಿ ನಿಂತು, "ಅವಕ್ಕೆ ಗೊತ್ತು ಕಣಪ್ಪ, ಎಲ್ಲಿ ತೇವ ಐತೆ ಅಂತ. ನಮ್ಮೋರೂ ಹಿಂಗೇ ಅಲ್ವಾ ತಲಪರಿಗೆ ಮಾಡ್ಕಂಡಿದ್ದು" ಅಂದರು.

ತಲಪರಿಗೆ ಎಂದರೆ ಮರಳುನೆಲದಲ್ಲಿ ತಾನಾಗಿ ಜಿನುಗುವ ನೀರಿಗೆ ದಾರಿ ಮಾಡಿಕೊಟ್ಟ ಊಟೆ. ಪಾವಗಡ, ಮಧುಗಿರಿ, ಕೊರಟಗೆರೆ, ಶಿರಾ ಸೀಮೆಯಲ್ಲಿ ಕುಡಿಯುವುದಕ್ಕೂ ಹೊಲಕ್ಕೂ ಇವೇ ಆಸರೆಯಾಗಿದ್ದವು. ಕೊಳವೆಬಾವಿಗಳು ಆಳಕ್ಕಿಳಿದಂತೆ, ಮರಳು ಲಾರಿ ಹತ್ತಿದಂತೆ ಎಷ್ಟೋ ಬತ್ತಿದವು. ಕೆಲವು ಕಡೆ ಜನ ಹೂಳು ತೆಗೆದು ಮತ್ತೆ ಜೀವ ಕೊಟ್ಟಿದ್ದಾರೆ. ಆ ಹಿರಿಯರ ಮಾತು ಕೇಳಿದ ದಿನದಿಂದ ಕರಿಯ ತೋಡುವುದನ್ನು ನಾನು ತಡೆದಿಲ್ಲ. ಬಾಳೆಬುಡಕ್ಕೆ ಎರಡು ಬುಟ್ಟಿ ಮರಳು ಸುರಿದು, ಪಾತ್ರೆ ತೊಳೆದ ನೀರು ಅಲ್ಲಿಗೇ ಹರಿಯುವಂತೆ ಮಾಡಿದ್ದೇನೆ.

ಊಟವೂ ಬಿಸಿಲಿನ ಲೆಕ್ಕದಲ್ಲೇ. ಕರಿಯನಿಗೆ ಮುಂಜಾನೆ ಮಜ್ಜಿಗೆಯಲ್ಲಿ ಕಿವುಚಿದ ರಾಗಿಮುದ್ದೆ, ರಾತ್ರಿ ಇನ್ನೊಂದು. ಸುಬ್ಬಿಯ ಕುಲ ಮರುಭೂಮಿಯ ಕಾಡುಬೆಕ್ಕಿನದು, ನೀರನ್ನು ಹುಡುಕಿಕೊಂಡು ಹೋಗಿ ಕುಡಿಯುವುದು ಕಡಿಮೆ. ಅನ್ನ ಕಲಸುವಾಗಲೇ ಮೀನಿನ ತಿಳಿ ಹೆಚ್ಚು ಹಾಕುತ್ತೇನೆ.

ನನಗೆ ಎಲ್ಲಕ್ಕಿಂತ ಇಷ್ಟದ ಹೊತ್ತು ಸಂಜೆ, ಜಗುಲಿಯ ಮೇಲೆ ಉಣ್ಣೆಹುಳ ಆರಿಸುವಾಗ. ಕರಿಯ ತಲೆಯನ್ನು ನನ್ನ ತೊಡೆಯ ಮೇಲಿಟ್ಟು ಕಿವಿ ಒಪ್ಪಿಸುತ್ತಾನೆ. ಕಿವಿಯ ಮಡಿಕೆ, ಬೆರಳ ಸಂದು, ಕೊರಳಪಟ್ಟಿಯ ಕೆಳಗೆ, ಹೀಗೆ ಬೆರಳೇ ದಾರಿ ಹುಡುಕುತ್ತದೆ. ಬುಡದಲ್ಲಿ ಹಿಡಿದು ನೆಟ್ಟಗೆ ಎಳೆಯಬೇಕು, ಹಿಸುಕಬಾರದು. ಒಂದೊಂದು ಕಿತ್ತಾಗಲೂ ಅವನು ಬಿಡುವ ನಿಟ್ಟುಸಿರು ನನ್ನ ಮೊಣಕಾಲಿಗೆ ತಾಗುತ್ತದೆ. ಬೀದಿಯಲ್ಲಿ ಹೋಗುವವರು ಮಾತಾಡಿಸಿದರೂ ನನಗೆ ಕೇಳುವುದಿಲ್ಲ.

ಮಲಗುವ ಮುಂಚೆ ಕಲ್ಲುಬಾನಿಗೆ ನಾಲ್ಕು ಕೊಡ ಹೊಯ್ಯುತ್ತೇನೆ. ಅದರ ನೀರಿಗೆ ಕರಿಯನೊಬ್ಬನೇ ಒಡೆಯನಲ್ಲ, ಬೆಳಗಾದರೆ ಮೈನಾ, ಅಳಿಲು, ಮುಂಗುಸಿ ಎಲ್ಲಕ್ಕೂ ಪಾಲು. ನಮ್ಮ ತಾಲ್ಲೂಕಿನದೇ ಕಗ್ಗಲಡುವಿನಲ್ಲಿ ಜನ ಊರೊಳಗಿನ ಹುಣಸೆಮರಗಳನ್ನೇ ಬಣ್ಣದ ಕೊಕ್ಕರೆಗಳಿಗೆ ಬಿಟ್ಟುಕೊಟ್ಟು ಕಾಯುತ್ತಿದ್ದಾರೆ. ಅದರ ಮುಂದೆ ನಾಲ್ಕು ಕೊಡ ಏನೂ ಅಲ್ಲ.

ಕುಂಟೆ ಎಂದರೆ ಸಣ್ಣ ಕೊಳ. ಹುಲಿ ನೀರಿಗೆ ಬರುತ್ತಿದ್ದ ಕುಂಟೆಯೇ ಊರಿನ ಹೆಸರಾಯಿತೆಂದು ಚಿಕ್ಕಂದಿನಿಂದ ನಾನು ನಂಬಿಕೊಂಡಿದ್ದೇನೆ. ನಡುರಾತ್ರಿ ಸೆಕೆಗೆ ಎಚ್ಚರವಾದಾಗ ಕತ್ತಲಲ್ಲಿ ಬಾನಿಯ ಕಡೆಯಿಂದ ಲೊಳ ಲೊಳ ನೀರು ನೆಕ್ಕುವ ಸದ್ದು ಕೇಳುತ್ತದೆ. ಅದು ನಿಲ್ಲುವವರೆಗೂ ಹಾಸಿಗೆಯಲ್ಲಿ ಅಲ್ಲಾಡದೆ ಮಲಗಿರುತ್ತೇನೆ.