ಗುಜರಿಗೆ ಹಾಕೂ ಮುಂಚೆ ಹಿಂದ ತಿರುಗಿಸಿ ನೋಡ್ರಿ

ಮನ್ಯಾಗ ಹಳೇ ಹೋಂ ಥಿಯೇಟರ್ ರಿಸೀವರ್ ಐತಾ? ಹಂಗಾದ್ರ ಇದು ನಿಮಗೇ.

4ಕೆ ಸ್ಟ್ರೀಮಿಂಗ್ ಸ್ಟಿಕ್ ಅದರ ಎಚ್‌ಡಿಎಂಐಗೆ ಚುಚ್ಚಿದ್ರ ಚಿತ್ರ ಬರದೇ ಇರಬಹುದು. ಕೆಟ್ಟಿಲ್ಲ ಅದು. 4ಕೆಗೆ ಬೇಕಾದ ಎಚ್‌ಡಿಸಿಪಿ 2.2 ಅನ್ನೋ ಬೀಗದ ಕೈ ಹಳೇ ಡಬ್ಬಿಯೊಳಗ ಇರಲ್ಲ, ಅಷ್ಟೇ.

ಸ್ಟಿಕ್ಕನ್ನ ಸೀದಾ ಟಿವಿಗೆ ಹಾಕ್ರಿ. ಟಿವಿಯ ಆಪ್ಟಿಕಲ್ ಔಟ್‌ನಿಂದ ರಿಸೀವರ್‌ಗೆ ಒಂದು ವೈರ್ ಎಳೀರಿ. ಸೆಟ್ಟಿಂಗ್ಸ್‌ನಲ್ಲಿ ಸೌಂಡ್ ‘ಡಾಲ್ಬಿ ಡಿಜಿಟಲ್’ಗೆ ಇಡ್ರಿ. ಬಹಳಷ್ಟು ಟಿವಿಗಳಲ್ಲಿ 5.1 ಬರ್ತದ, ಕೆಲವು ಎರಡೇ ಚಾನೆಲ್ ಕೊಡ್ತಾವ. ಅಟ್ಮಾಸ್ ಆಸೆ ಬಿಡ್ರಿ. ಆಪ್ಟಿಕಲ್ ಇಲ್ಲಂದ್ರ ಹೆಡ್‌ಫೋನ್ ಜಾಕ್‌ನಿಂದ ಕೆಂಪು-ಬಿಳಿ ವೈರ್, ಸ್ಟೀರಿಯೊ ಸಾಕು.

ನಮ್ಮದನ್ನ ಅಪ್ಪ ಹತ್ತಿ ಮಾರಿದ ರೊಕ್ಕದಾಗ ಹುಬ್ಬಳ್ಳಿಯಿಂದ ತಂದಿದ್ರು. 2019ರ ಆಗಸ್ಟ್‌ನಾಗ ಮಲಪ್ರಭಾ ಕೊಣ್ಣೂರೊಳಗ ಬಂದಾಗ ಟಿವಿ, ಕಾಟು, ಕಾಳಿನ ಚೀಲ ಎಲ್ಲಾ ನೀರುಪಾಲು. ಅಟ್ಟದ ಮ್ಯಾಲಿದ್ದ ಇದೊಂದು ಉಳೀತು. ಮೊನ್ನೆ ಗುಜರಿಯವ 200 ರೂಪಾಯಿ ಅಂದ. ಅಪ್ಪ ಏನೂ ಮಾತಾಡಲಿಲ್ಲ, ಒಳಗ ಹೋದ್ರು. ಅವತ್ತೇ ವೈರ್ ತಂದೆ.

ಬಿಕಾಂ ಲೆಕ್ಕದಾಗ ಡಿಪ್ರಿಸಿಯೇಷನ್ ಕಳೆದ್ರ ಇದರ ಬೆಲೆ ಸೊನ್ನೆ ಹತ್ರ. ಆದ್ರ ಈಗ ದಿನಾ ರಾತ್ರಿ ಯೂಟ್ಯೂಬ್‌ನಾಗ ಭೀಮಸೇನ ಜೋಶಿ ಹಾಡ್ತಾರ, ಪಡಸಾಲಿ ತುಂಬ ತಂಬೂರಿ, ಅಪ್ಪ ಕಣ್ಣು ಮುಚ್ಚಿ ಕುಂತಿರ್ತಾರ. ಇದನ್ನ ಯಾವ ಲೆಜರ್‌ನಾಗ ಬರೀಬೇಕು ಹೇಳ್ರಿ?

ನಿಮ್ಮ ಡಬ್ಬಿ ಹಿಂಭಾಗದ ಫೋಟೊ ಕಳಿಸ್ರಿ, ಯಾವ ವೈರ್ ಬೇಕು ಅಂತ ನೋಡೂಣು.

#ಕೊಣ್ಣೂರು #ಹಳೇಡಬ್ಬಿ