ಸೈನಿಕರು ಉಪಾಧ್ಯಾಯರಾದಾಗ

ನಮ್ಮ ಪ್ರೌಢಶಾಲೆಗಳ ಎನ್.ಸಿ.ಸಿ. ನಿಮಗೆಲ್ಲ ನೆನಪಿರಬಹುದು. 1948ರಲ್ಲಿ ಆರಂಭವಾದ ಈ ಪಡೆಯಲ್ಲಿ ಶಾಲೆಯ ಉಪಾಧ್ಯಾಯರೇ ಕಾಮ್ಠಿಯಲ್ಲೋ ಗ್ವಾಲಿಯರಿನಲ್ಲೋ ತರಬೇತಿ ಪಡೆದು ಅಧಿಕಾರಿಗಳಾಗುತ್ತಾರೆ. ಕವಾಯತು ಕಲಿಸಲು ಸೇವೆಯಲ್ಲಿರುವ ಹವಾಲ್ದಾರರು ಬರುತ್ತಾರೆ. ಅಮೆರಿಕದಲ್ಲಿ ಇದು ತಿರುವುಮುರುವು. ಅಲ್ಲಿ ನಿವೃತ್ತ ಸೈನಿಕರೇ ಉಪಾಧ್ಯಾಯರಾಗುತ್ತಾರೆ.

ಜೂನಿಯರ್ ಆರ್.ಓ.ಟಿ.ಸಿ. ಎಂಬ ಅಲ್ಲಿನ ಕೆಡೆಟ್ ಯೋಜನೆ ಹುಟ್ಟಿದ್ದು 1916ರ ರಾಷ್ಟ್ರೀಯ ರಕ್ಷಣಾ ಕಾಯಿದೆಯಿಂದ. ನಿವೃತ್ತರನ್ನು ಬೋಧಕರನ್ನಾಗಿ ನೇಮಿಸಿಕೊಳ್ಳಲು ಶಾಲೆಗಳಿಗೆ ಅವಕಾಶ ಕೊಟ್ಟಿದ್ದು 1964ರ ಕಾಯಿದೆ. ಇಂದು ಮೂರು ಸಾವಿರಕ್ಕೂ ಮಿಕ್ಕ ಶಾಲೆಗಳಲ್ಲಿ ಈ ಯೋಜನೆಯಿದೆ. ಬೋಧಕರಿಗೆ ಅರ್ಹತಾಪತ್ರ ಕೊಡುವುದು ಸೇನೆ; ನೌಕರಿ ಕೊಡುವುದು ಶಾಲೆ; ಸಂಬಳದ ಹೊರೆ ಇಬ್ಬರದೂ.

ಸಿಪಾಯಿಗೆ ಆಜ್ಞೆಯೊಂದೇ ಸಾಕು. ಹದಿನಾಲ್ಕರ ಹುಡುಗ "ಏಕೆ?" ಎಂದು ಕೇಳುತ್ತಾನೆ. ಕೆಡೆಟ್ ಆದವನಿಗೆ ಮುಂದೆ ಸೇನೆಗೆ ಸೇರಲೇಬೇಕೆಂಬ ಕಟ್ಟುಪಾಡೂ ಇಲ್ಲ. ಆ ಪ್ರಶ್ನೆಗೆ ತಾಳ್ಮೆಯಿಂದ ಉತ್ತರಿಸಬಲ್ಲ ಹಳೆಯ ಸೈನಿಕನು, ತಂದೆಯ ಆಸರೆ ಕಾಣದ ಮಕ್ಕಳಿಗೆ ದೊಡ್ಡ ಬಲವಾಗಬಲ್ಲನು.

ಆದರೆ ಮಕ್ಕಳ ವಿಧೇಯತೆಗೆ ಇನ್ನೊಂದು ಮುಖವಿದೆ. ಕೆಲವು ಬೋಧಕರು ವಿದ್ಯಾರ್ಥಿನಿಯರ ಮೇಲೆ ಲೈಂಗಿಕ ದೌರ್ಜನ್ಯವೆಸಗಿದ್ದನ್ನೂ ಮೇಲ್ವಿಚಾರಣೆ ಸಡಿಲವಾಗಿದ್ದುದನ್ನೂ 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲಿಗೆಳೆಯಿತು. ಪದಕಗಳು ಶೌರ್ಯಕ್ಕೆ ಸಾಕ್ಷಿ ಹೇಳಬಲ್ಲವು; ತರಗತಿಯ ನಡತೆಗೆ ಅವು ಜಾಮೀನಾಗಲಾರವು.

ಬಿ.ಎಡ್. ಓದುವಾಗ ನಾವು ಪಾಠ ಮಾಡುತ್ತಿದ್ದರೆ, ಹಿಂದಿನ ಬೆಂಚಿನಲ್ಲಿ ಅಧ್ಯಾಪಕರೊಬ್ಬರು ಕುಳಿತು ಗಮನಿಸುತ್ತಿದ್ದರು. ಮಕ್ಕಳ ಎದುರು ನಿಲ್ಲುವವರು ಎಷ್ಟೇ ದೊಡ್ಡ ಹುದ್ದೆಯಿಂದ ಬಂದಿರಲಿ, ಹಿಂದಿನ ಬೆಂಚಿನ ಆ ಕಣ್ಣು ಅವರ ಮೇಲೂ ಇರಬೇಕು.