ಈ ಸಲದ ಮಿಡಿ

ಮಾರ್ಚ್‌ನಲ್ಲಿ 3 ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಮ್ಯಾನೇಜರ್‌ಗೆ 'ಮನೇಲಿ ಕೆಲಸ' ಅಂದಿದ್ದೆ. ಮಾವಿನ ಮಿಡಿ ಕೊಯ್ಯೋಕೆ ಅಂದ್ರೆ ರಜೆ ಕೊಡ್ತಾರಾ ಹೇಳಿ!

ಸಾಗರದ ಹತ್ತಿರ ನಮ್ಮನೆ. ಹಿಂದಿನ ಹಳ್ಳದ ದಂಡೆಯಲ್ಲಿ ಒಂದು ಅಪ್ಪೆ ಮರ. ಪ್ರತಿವರ್ಷ ಅಪ್ಪನೇ ಹತ್ತುತ್ತಿದ್ದ. ಈ ಸಲ ಮಂಡಿನೋವು. ನಾನು ಹತ್ತಿದೆ, ಅಪ್ಪ ಕೆಳಗೆ ನಿಂತು ಕೂಗುತ್ತಿದ್ದ: "ತಮಾ, ತೊಟ್ಟು ಮುರಿಯಡ! ಸೊನೆ ಹೋದ್ರೆ ಪರಿಮಳನೂ ಹೋತು!"

ಮಿಡಿ ನೆಲಕ್ಕೆ ಬೀಳಬಾರದು. ಪೆಟ್ಟು ತಿಂದಿದ್ದು ಒಂದು ಸೇರಿದರೂ ಮೆತ್ತಗಾಗಿ ಉಳಿದವನ್ನೂ ಕೆಡಿಸುತ್ತೆ. ನಾನೋ, ಬುಟ್ಟಿಗೆ ಹಾಕಿದ್ದಕ್ಕಿಂತ ಬೀಳಿಸಿದ್ದೇ ಜಾಸ್ತಿ. ಅಮ್ಮ ಏನೂ ಅನ್ನದೆ ಬಿದ್ದವನ್ನು ಆರಿಸಿ ಅಪ್ಪೆಹುಳಿ ಮಾಡಿದಳು. ಮೂರು ದಿನ ಕುಡಿದಿದ್ದೇ ಕುಡಿದಿದ್ದು :)

ಉಳಿದವನ್ನು ಒರೆಸಿ, ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಅಂತ ಭರಣಿಗೆ ತುಂಬಿದ್ವಿ. ಒಂದು ಹನಿ ನೀರೂ ಹಾಕಲ್ಲ. ಉಪ್ಪೇ ಮಿಡಿಯೊಳಗಿನ ನೀರು ಎಳೆಯುತ್ತೆ. ಸುಮಾರು 15 ದಿನದಲ್ಲಿ ಮಿಡಿ ಚಿರುಟಿ ತನ್ನ ನೀರಲ್ಲೇ ಮುಳುಗಿರುತ್ತೆ. ಸಾಸಿವೆ, ಖಾರ ಎಲ್ಲ ಆಮೇಲೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಆಸ್ಮಾಸಿಸ್ ಇದೇ ಅಂತ ಈಗ ಹೊಳೀತು ನೋಡಿ.

ಉಪ್ಪಿನ ಲೆಕ್ಕ ಕೇಳಿದೆ. ಬರೆದುಕೊಳ್ಳೋಕೆ ಮೊಬೈಲೂ ತೆಗೆದೆ. "ಕೈಗೆ ಗೊತ್ತಾಗ್ತು" ಅಂದಳು ಅಮ್ಮ. ನನ್ನ ಕೈಗೆ ಗೊತ್ತಿಲ್ಲವಲ್ಲ! ಕೊನೆಗೆ ಅವಳು ಹಾಕೋ ಒಂದೊಂದು ಹಿಡಿಯನ್ನೂ ತಕ್ಕಡಿಯಲ್ಲಿ ತೂಗಿದೆ. ಅವಳಿಗೆ ನಗುವೋ ನಗು.

ಅಪ್ಪ ನಗಲಿಲ್ಲ. ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಾ, ನಾನು ಪಕ್ಕದಲ್ಲೇ ಇದ್ದರೂ ಅಮ್ಮನ ಹತ್ರ ಹೇಳಿದ: "ಮುಂದಿನ ವರ್ಷನೂ ತಮಂಗೆ ರಜೆ ಸಿಕ್ತಾ ಕೇಳು."